ಯಕ್ಷಿಣಿಯರು ಬಿಟ್ಟುಹೋದ ಲೋಟ

ಹೋದ ಬ್ಯಾಸಗಿಯಾಗ ನಮ್ಮ ವಾಚನಾಲಯಕ್ಕ ಬಂದ ಮಾಸ್ತರರೊಬ್ಬರು ಒಂದು ಗಾಜಿನ ಲೋಟದ ಚಿತ್ರ ತೋರಿಸಿದ್ರು. ಗೇಣಿಗಿಂತ ಗಿಡ್ಡ, ಬಾಯಿ ಅಗಲ. ಮೈತುಂಬ ನೀಲಿ, ಹಸಿರು, ಕೆಂಪು, ಬಿಳಿ ಬಣ್ಣದ ಹೆಣಿಗೆ, ನಡುನಡುವೆ ಬಂಗಾರ. ಅದರ ಹೆಸರು 'ಈಡನ್‌ಹಾಲಿನ ಅದೃಷ್ಟ'. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಾಗ ಐತಿ.

ಅದರ ಕತಿ ಹಿಂಗ. ಇಂಗ್ಲೆಂಡಿನ ಉತ್ತರಕ್ಕ ಮಸ್‌ಗ್ರೇವ್ ಮನೆತನದವರ ದೊಡ್ಡ ವಾಡೆ, ಈಡನ್‌ಹಾಲ್. ಆ ಮನಿ ಆಳು ನೀರಿಗೆ ಹೋದಾಗ ಬಾವಿ ಹತ್ತಿರ ಯಕ್ಷಿಣಿಯರು ಕುಣೀತಿದ್ರಂತ. ಇವನ್ನ ಕಂಡು, ಲೋಟ ಅಲ್ಲೇ ಬಿಟ್ಟು, ಇದು ಒಡೆದರ ಈ ಮನಿ ಅದೃಷ್ಟ ಹೋಯಿತು ಅಂತ ಹೇಳಿ ಮಾಯವಾದ್ರಂತ. ಕತಿ ಚಂದ ಐತಿ, ಹಾಡಂದ್ರ ರಾತ್ರಿಯೆಲ್ಲ ಹಾಡೇನು. ಆದರ ಮನಸ್ಸಿಗೆ ಒಪ್ಪಲಿಲ್ಲ.

ಯಾಕಂದ್ರ ಅದನ್ನ ಮಾಡಿದವರು ಯಕ್ಷಿಣಿಯರಲ್ಲ. 600 ವರ್ಷಕ್ಕೂ ಹಿಂದೆ, ಸುಲ್ತಾನರ ಆಳಿಕೆಯ ಸಿರಿಯಾ ಇಲ್ಲವೇ ಈಜಿಪ್ಟಿನ ಕಸಬುದಾರರು. ಬಣ್ಣದ ಗಾಜನ್ನು ಹಿಟ್ಟಿನಂಗ ಅರೆದು, ಕಲಸಿ, ಕುಂಚದಿಂದ ಲೋಟದ ಮ್ಯಾಲೆ ಬರೆದು ಮತ್ತೊಮ್ಮೆ ಬೆಂಕಿಗೆ ಹಿಡೀಬೇಕು. ಉರಿ ಕಡಿಮಿ ಆದ್ರ ಬಣ್ಣ ಹತ್ತೂದಿಲ್ಲ, ಹೆಚ್ಚಾದ್ರ ಲೋಟನೇ ಸೊಟ್ಟಾಗತದ. ರೊಟ್ಟಿ ಸುಡೂ ಹೆಣ್ಮಕ್ಕಳಿಗೆ ಈ ಉರಿಯ ಲೆಕ್ಕ ಹೇಳಬೇಕಾಗಿಲ್ಲ. ಇಷ್ಟು ಮಾಡಿದ ಕೈಯ ಪುಣ್ಯ ಯಕ್ಷಿಣಿಗೆ ಹೋತು!

ಒಂದು ಮಾತು ಖರೆ. ಒಡೆದರ ಕೇಡು ಅನ್ನೂ ಅಂಜಿಕೆನೂ ಆ ಲೋಟ ಕಾದಿರಬೇಕು. ಜರ್ಮನಿಯ ಕವಿ ಊಲಾಂಡ್ 1834ರಾಗ ಇದರ ಮ್ಯಾಲೆ ಪದ್ಯ ಕಟ್ಟಿ, ಪದ್ಯದಾಗ ಲೋಟ ಒಡೆದೇ ಬಿಟ್ಟ. ಅದು ನನಗ ಅವಸರ ಅನಸ್ತದ. ನಿಜದಾಗ ಆದದ್ದು ತಿರುವು ಮುರುವು: ಲೋಟ ಇಡಿಯಾಗಿ ಉಳೀತು, 1934ರಾಗ ವಾಡೆನೇ ಕೆಡವಿದ್ರು.

ಇದೇ ಕಸಬು ವೆನಿಸ್ ಪಟ್ಟಣಕ್ಕೂ ಹೋತು. ಗಾಜು ಕರಗಿಸಾಕ ಬೇಕಾದ ಗಿಡದ ಬೂದಿ ಅಲ್ಲಿಗೆ ಸಿರಿಯಾದಿಂದ ಹಡಗಿನಾಗ ಬರ್ತಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನಾಗ ಅದೇ ನಮೂನಿ ಬಣ್ಣದ ಒಂದು ಲೋಟ ಐತಿ, ಸುಮಾರು 1330ರದು. ಅದರ ಮ್ಯಾಲೆ ಮಾಡಿದ ಮಾಸ್ತರನ ಹೆಸರು ಅಲ್ದ್ರೆವಂದಿನ್ ಅಂತ ಚೊಕ್ಕ ಬರೆದೈತಿ. ಮುಂದ ಕಾಲ ಹೆಂಗ ತಿರುಗ್ತು ನೋಡ್ರಿ, 1569ರಾಗ ತುರ್ಕಿಯ ವಜೀರ ಸೊಕೊಲ್ಲು ಮೆಹಮದ್ ಪಾಷಾ ಮಸೀದಿಗೆ ಬೇಕಂತ 900 ದೀಪದ ಗಾಜು ಬೇಡಿದ್ದು ಆ ವೆನಿಸ್ಸಿನವರ ಕಡೆ!

ಇವರೆಲ್ಲರೊಳಗ ನನಗ ಹಿಡಿಸಿದವ ಪ್ಯಾರಿಸ್ಸಿನ ಬ್ರೊಕಾರ್. ಹಳೆಯ ಮಸೀದಿ ದೀಪ ನೋಡಿ ನೋಡಿ ಆ ವಿದ್ಯೆ ಮತ್ತ ಎಬ್ಬಿಸಿ, 1867ರ ಪ್ಯಾರಿಸ್ ಪ್ರದರ್ಶನದಾಗ ತನ್ನ ಮಾಲು ಇಟ್ಟ. ತನ್ನ ಹೆಸರೂ ಹಾಕಿಕೊಂಡ. ಹಾಕಲಿ, ದುಡಿದಾನ. ಆದರ ದೀಪದ ರೂಪ ಮುಚ್ಚಲಿಲ್ಲ. ನೋಡಿದವರಿಗೆ ಎಲ್ಲಿಯ ವಿದ್ಯೆ ಅಂತ ಕಣ್ಣಿಗೇ ಗೊತ್ತಾಗತದ.

ನಾನು ಮೂವತ್ತು ವರ್ಷ ಹಾಡಿದ ಒಂದು ರಿವಾಯತ ಪದ ಐತಿ. ಕಟ್ಟಿ ಕಲಿಸಿದವರು ಗಾದಿ ಹೊಲೀತಿದ್ದ ಒಬ್ಬ ನದಾಫ ಅಜ್ಜ. ಯಾರ ಪದ ಅಂತ ಕೇಳಿದವರಿಗೆ 'ಹಿಂದಿನವರದು' ಅಂದು ಬಿಡ್ತಿದ್ದೆ. ಹಂಗಂದ್ರ ಪದಕ್ಕ ತೂಕ ಬರತದ, ನನಗೂ ಬರತದ. ಈ ಸಲದ ಮೊಹರಮ್ಮಿನಾಗ ಪದ ಎತ್ತೂ ಮೊದಲ ಅವರ ಹೆಸರು ಹೇಳಿದೆ. ಹಲಗಿ ಬಾರಸೂ ಹುಡುಗ, "ಕಾಕಾ, ಇಷ್ಟು ದಿನ ಯಾಕ ಹೇಳಲಿಲ್ಲ?" ಅಂದ.