ಮಸಾರಿ ಮಣ್ಣಿನ ದ್ರಾಕ್ಷಾರಸ

ಹಂಪಿ ಬೆಟ್ಟಸಾಲಿನ ಕೆಂಪು ವೈನ್ ಕ್ಯಾಬರ್ನೆ ಸೊವಿನ್ಯೋನ್ ಗ್ಲಾಸಿಗೆ ಬಿದ್ದ ಕೂಡಲೇ ಕುಡಿಯಬೇಡಿ. ಮೊದಲು ಬಣ್ಣ ನೋಡಿ. ನಡುವೆ ಕಣ್ಣು ಹಾಯದಷ್ಟು ದಟ್ಟವಾದ ಕಡುನೇರಳೆ, ಅಂಚಿಗೆ ಬಂದಂತೆಲ್ಲ ಮಾಣಿಕ್ಯದ ಕೆಂಪು. ಗ್ಲಾಸನ್ನು ಮೆಲ್ಲಗೆ ತಿರುಗಿಸಿ ನಿಲ್ಲಿಸಿದರೆ ಒಳಮೈಗೆ ಹತ್ತಿದ ರಸ ಎಳೆಎಳೆಯಾಗಿ, ಅವಸರವೇ ಇಲ್ಲದೆ ಕೆಳಗಿಳಿಯುತ್ತದೆ. ಆಮೇಲೆ ಮೂಗು. ಕಳಿತ ನೇರಳೆಹಣ್ಣು ಮೊದಲು ಬರುತ್ತದೆ, ಅದರ ಹಿಂದೆ ಕರಿಮೆಣಸು, ಇನ್ನೂ ಹಿಂದೆ ಮರದ ಸಿಹಿವಾಸನೆ. ಎಲ್ಲಕ್ಕಿಂತ ಕೊನೆಗೆ, ಸಂಜೆಯವರೆಗೆ ಬಿಸಿಲು ಕುಡಿದ ಬಂಡೆಯ ಹತ್ತಿರ ನಿಂತಾಗ ತಟ್ಟುವಂಥ ಒಣ, ಬೆಚ್ಚನೆಯ ಕಂಪು. ಆ ಕೊನೆಯ ಕಂಪಿಗಾಗಿಯೇ ನಾನು ಮತ್ತೆಮತ್ತೆ ಬಳ್ಳಾರಿ ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋಗುತ್ತೇನೆ.

ಕರ್ನಾಟಕದ ವೈನ್ ಎಂದರೆ ಹೆಚ್ಚಿನವರು ನಂದಿ ಕಣಿವೆಯನ್ನು ನೆನೆಯುತ್ತಾರೆ. ತಪ್ಪೇನಿಲ್ಲ. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಹತ್ತಿರ ಹಾಕಿದ ಬುನಾದಿ ಗಟ್ಟಿಯಾದದ್ದು, ಅಲ್ಲಿನ ‘ಲಾ ರಿಸರ್ವ್’ ಇಂದಿಗೂ ಮರ್ಯಾದೆಯಿಂದ ಮುಚ್ಚಳ ತೆಗೆಯಬೇಕಾದ ಬಾಟಲಿ. 2007ರಲ್ಲಿ ರಾಜ್ಯಕ್ಕೆ ಪ್ರತ್ಯೇಕ ದ್ರಾಕ್ಷಾರಸ ನೀತಿ ಬಂತು, ವೈನ್ ಬೋರ್ಡ್ ಬಂತು, ಕೃಷ್ಣಾ ಕಣಿವೆಯ ಹೆಸರೂ ಓಡಾಡತೊಡಗಿತು. ಹಂಪಿ ಬೆಟ್ಟಸಾಲು ಮಾತ್ರ ಬಲ್ಲವರ ಬಾಯಲ್ಲಷ್ಟೇ ಉಳಿದಿದೆ. ಆದರೆ ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಸಂತೆಗಳಲ್ಲಿ ದ್ರಾಕ್ಷಿಯ ಗೊಂಚಲು ಮಾರುತ್ತಿದ್ದುದನ್ನು, ಅದರ ಬೆಲೆ ಸಮೇತ ಬರೆದಿಟ್ಟಿದ್ದಾನೆ. ಅಷ್ಟು ಹಿಂದೆಯೇ ಈ ಬಂಡೆಗಳ ನಡುವೆ ಬಳ್ಳಿ ಹಬ್ಬಿತ್ತು.

ಬೆಟ್ಟಸಾಲಿಗೆ ಹೋಗಲು ಹೊಸಪೇಟೆಯ ಹೆದ್ದಾರಿ ಹಿಡಿಯುವವರೇ ಹೆಚ್ಚು. ನನ್ನ ದಾರಿ ಬೇರೆ: ಬಳ್ಳಾರಿಯಿಂದ ಕುರುಗೋಡು, ಅಲ್ಲಿಂದ ಕಂಪ್ಲಿ, ಹೊಳೆ ದಾಟಿದರೆ ಗಂಗಾವತಿ, ಮುಂದೆ ಕನಕಗಿರಿ. ಫೆಬ್ರುವರಿಯ ಕೊನೆಗೆ, ಶಿವರಾತ್ರಿಯ ಹಿಂದೆಮುಂದೆ, ಬೆಳಕು ಹರಿಯುವ ಮೊದಲೇ ಬಳ್ಳಾರಿ ಬಿಡಬೇಕು. ಏಕೆಂದರೆ ಕುರುಗೋಡು ಸೀಮೆಯ ಅಂಜೂರದ ತೋಟಗಳು ಹೊತ್ತೇರುವವರೆಗೆ ಕಾಯುವುದಿಲ್ಲ.

ಬಳ್ಳಾರಿ ಜಿಲ್ಲೆಯ ಅಂಜೂರವನ್ನು ಒಮ್ಮೆಯಾದರೂ ಗಿಡದ ಬುಡದಲ್ಲಿ ನಿಂತು ತಿನ್ನಬೇಕು. ಪೇಟೆಗೆ ಬರುವುದು ಪ್ರಯಾಣಕ್ಕೆ ತಡೆಯಲೆಂದು ಸ್ವಲ್ಪ ಮೊದಲೇ ಹರಿದ ಹಣ್ಣು, ಅದು ಒಳ್ಳೆಯದೇ, ಆದರೆ ಪೂರ್ತಿಯಲ್ಲ. ಗಿಡದಲ್ಲೇ ಕಳಿತದ್ದು ಕುತ್ತಿಗೆ ಬಾಗಿಸಿ ಜೋತುಬಿದ್ದಿರುತ್ತದೆ. ನೇರಳೆ ಮಿಶ್ರಿತ ಕಂದು ಸಿಪ್ಪೆಯ ಮೇಲೆ ಸಣ್ಣ ಬಿಳಿಯ ಬಿರುಕು, ಕೆಳಗಿನ ಕಣ್ಣಿನಲ್ಲಿ ಜೇನಿನಂಥ ಒಂದೇ ಹನಿ. “ಹೊತ್ತೇರಾಕ ಮೊದ್ಲೇ ಹರೀಬೇಕ್ರಿ ಸಾರ್, ಆಮ್ಯಾಲೆ ಮುಟ್ಟಿದ್ರೆ ಜಜ್ಜಿ ಹೋಗ್ತಾವೆ,” ಎನ್ನುತ್ತ ತೋಟದ ಯಜಮಾನರು ತೊಟ್ಟನ್ನು ತಿರುವಿ ಬಿಡಿಸುತ್ತಾರೆ. ತೊಟ್ಟಿನ ಹಾಲು ಚರ್ಮಕ್ಕೆ ಉರಿ, ಹಾಗಾಗಿ ಹಣ್ಣನ್ನು ಒರೆಸಿಯೇ ಕೈಗಿಡುತ್ತಾರೆ. ಎರಡು ಹೋಳು ಮಾಡಿದರೆ ಒಳಗೆ ಗುಲಾಬಿ ಬಣ್ಣದ, ಸಾವಿರ ಎಸಳಿನ ತಿರುಳು. ಅಂಜೂರದ ಹೂವೆಲ್ಲ ಹಣ್ಣಿನ ಒಳಗೇ ಅರಳುತ್ತದೆ, ನಾವು ತಿನ್ನುವುದು ಆ ಹೂಗೊಂಚಲನ್ನೇ. ನಾಲಗೆಯ ಮೇಲೆ ಅದು ಮೊದಲು ತಂಪು, ಆಮೇಲೆ ಸಿಹಿ, ಕೊನೆಗೆ ಹಲ್ಲಿನ ನಡುವೆ ಬೀಜದ ನವಿರಾದ ಚುರುಚುರು. ಈ ರುಚಿಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮಧ್ಯಾಹ್ನ ಗ್ಲಾಸಿನಲ್ಲಿ ಇದೇ ಮತ್ತೆ ಸಿಗುತ್ತದೆ.

ಕುರುಗೋಡಿನ ಗುಡ್ಡಗಳನ್ನೂ ನೋಡಿಕೊಂಡೇ ಹೊರಡಿ. ಒಂದರ ಮೇಲೊಂದು ಪೇರಿದ ಈ ಬಂಡೆಗಳ ಗುಣ, ಹೊಳೆಯಾಚೆಯ ಬಂಡೆಗಳ ಗುಣ ಎರಡೂ ಒಂದೇ. ರಾಮನಗರದಿಂದ ಉತ್ತರಕ್ಕೆ ಈ ಸೀಮೆಯವರೆಗೆ ಹಾದುಬಂದ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಒಂದು ಕಾಲಕ್ಕೆ ಕುರುಗೋಡನ್ನು ಆಳಿದವರು ಸಿಂದರು, ಕಲ್ಯಾಣದ ಚಾಲುಕ್ಯರ ಸಾಮಂತರು. ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೊಂದು, ಪಾನೀಯಭೋಗಕ್ಕೊಂದು ಭಾಗ ಮೀಸಲಿಟ್ಟ. ಅದಕ್ಕೂ ಹಿಂದೆ, 10ನೆಯ ಶತಮಾನದಲ್ಲೇ, ಪಂಪ ತನ್ನ ಭಾರತದಲ್ಲಿ ಪಾನಗೋಷ್ಠಿಯನ್ನು ಮನಸಾರೆ ವರ್ಣಿಸಿದ್ದ. ರುಚಿಯನ್ನು ಕೂತು, ನಿಧಾನವಾಗಿ, ನಾಲ್ಕು ಜನರೊಂದಿಗೆ ಸವಿಯುವುದು ನಮ್ಮವರಿಗೆ ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ.

ಕಂಪ್ಲಿಯ ಸೇತುವೆ ದಾಟಿದ ಮೇಲೆ ಗಂಗಾವತಿಯವರೆಗೆ ಬರೀ ಭತ್ತದ ಹಸಿರು. ಅದು ಮುಗಿದು ನೆಲ ಏರತೊಡಗಿದಾಗ ಮಣ್ಣು ಬಣ್ಣ ಬದಲಿಸುತ್ತದೆ. ಕಪ್ಪು ಎರೆ ಹೋಗಿ ಕೆಂಪು ಮಸಾರಿ, ಮಸಾರಿಯಲ್ಲಿ ಗರಸು, ಗರಸಿನಲ್ಲಿ ಹೊಳೆಯುವ ಕಲ್ಲಿನ ಚೂರು. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂದು ಹಿರಿಯರು ಹೇಳಿದರು. ನಾಲಗೆಯಿದ್ದವರು ಇವೆರಡರ ನಡುವಿನ ಬೆಟ್ಟಸಾಲಿಗೆ ಬರಬೇಕು ಎಂದು ನಾನು ಸೇರಿಸುತ್ತೇನೆ. ಹೈದರಾಬಾದಿನ ಉದ್ಯಮಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಅವರ ಪತ್ನಿ ಉಮಾ ದ್ರಾಕ್ಷಿ ನೆಡಲು ಆರಿಸಿಕೊಂಡದ್ದು ಇದೇ ಬೆಟ್ಟಸಾಲನ್ನು. ಇಬ್ಬರ ಹೆಸರೂ ಬೆರೆತ ‘ಕರಿಸ್ಮಾ’ ಎಸ್ಟೇಟ್ಸ್ ಇಂದು ದೇಶದ ಒಳ್ಳೆಯ ವೈನ್‌ಗಳ ಮಾತು ಬಂದಲ್ಲೆಲ್ಲ ಬರುವ ಹೆಸರು.

ವೈನಿನ ದ್ರಾಕ್ಷಿ ಮೇಜಿನ ಮೇಲಿಡುವ ದ್ರಾಕ್ಷಿಯಲ್ಲ. ಥಾಮ್ಸನ್ ಸೀಡ್‌ಲೆಸ್ ತಿಂದು ಬೆಳೆದ ಬಾಯಿಗೆ ಮೊದಲ ಸಲ ಅಚ್ಚರಿ. ಕಾಳು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ, ಇಷ್ಟರ ನಡುವೆ ತಿರುಳಿಗೆ ಉಳಿದ ಜಾಗ ಸ್ವಲ್ಪವೇ. ಆ ಸ್ವಲ್ಪದಲ್ಲಿ ಎಷ್ಟೊಂದು! ಕೊಯ್ಲಿನ ಹೊತ್ತಿಗೆ ಕೆಂಪು ವೈನಿನ ಹಣ್ಣಿನಲ್ಲಿ ಸಕ್ಕರೆಯ ಅಳತೆಯಾದ ಬ್ರಿಕ್ಸ್ 23–24ಕ್ಕೆ ಏರುತ್ತದೆ. ಆದರೆ ಬಲ್ಲ ತೋಟಗಾರ ಮೀಟರಿನ ಮಾತೊಂದನ್ನೇ ನಂಬುವುದಿಲ್ಲ. ಕಾಳನ್ನು ಬಾಯಿಗೆ ಹಾಕಿ, ರಸ ನುಂಗಿ, ಸಿಪ್ಪೆಯನ್ನು ಅಗಿದು, ಬೀಜವನ್ನು ಕಡಿಯುತ್ತಾನೆ. ಬೀಜ ಹಸಿರಾಗಿ ಕಹಿಯಾದರೆ ಇನ್ನೂ ಕಾಯಬೇಕು. ಕಂದಾಗಿ, ಹುರಿದ ಕಾಳಿನಂತೆ ಕಟುಂ ಎಂದರೆ ಕೊಯ್ಲು.

ಬಳ್ಳಿಯನ್ನು ಆ ಹದಕ್ಕೆ ತರುವ ಕಸುಬಿಗೆ ಎರಡು ಚಾಟ್ನಿ, ಅಂದರೆ ಎರಡು ಸಲ ಸವರುವುದು, ಬೇಕು. ಯುರೋಪಿನ ಬಳ್ಳಿ ಚಳಿಗೆ ಎಲೆ ಉದುರಿಸಿ ತಾನೇ ಮಲಗುತ್ತದೆ. ನಮ್ಮ ಸೆಕೆಯಲ್ಲಿ ಬಳ್ಳಿಗೆ ನಿದ್ದೆಯೆಂಬುದೇ ಇಲ್ಲ. ಅದಕ್ಕೆ ಏಪ್ರಿಲ್‌ನಲ್ಲೊಮ್ಮೆ ಕತ್ತರಿಸಿ ಕಡ್ಡಿ ಬೆಳೆಸುತ್ತಾರೆ, ಮಳೆಗಾಲ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಕತ್ತರಿಸಿ ಹೂ ಬಿಡಿಸುತ್ತಾರೆ. ಹೀಗೆ ಹಣ್ಣು ಚಳಿಗಾಲದ ಒಣಹವೆಯಲ್ಲಿ ಕಳಿಯುತ್ತದೆ. ಹಗಲೆಲ್ಲ ಬಿಸಿಲು ಸಕ್ಕರೆ ತುಂಬಿಸುತ್ತದೆ, ರಾತ್ರಿಯ ತಂಪು ಹುಳಿಯನ್ನು ಕಾಪಾಡುತ್ತದೆ. ನೀರು ಡ್ರಿಪ್ಪಿನಲ್ಲಿ, ಅದೂ ಅಳೆದು. ಹೆಚ್ಚು ಕುಡಿದ ಬಳ್ಳಿ ಎಲೆ ಮಾಡುತ್ತದೆ, ಬಾಯಾರಿದ ಬಳ್ಳಿ ಹಣ್ಣು ಮಾಡುತ್ತದೆ.

ಕೊಯ್ದ ಹಣ್ಣಿಗೆ ಬಿಸಿಲು ತಾಗಬಾರದು. ಹಾಗಾಗಿ ಹೊತ್ತು ಮೂಡುವ ಮೊದಲೇ ಬಿಡಿಸಿ ಒಳಗೆ ಸಾಗಿಸುವುದು ಇಂಥ ಸೆಕೆನಾಡಿನ ವೈನರಿಗಳ ಪದ್ಧತಿ. ಬಿಳಿ ವೈನಿಗೆ ರಸವನ್ನಷ್ಟೇ ಹಿಂಡಿ ತಂಪಿನಲ್ಲಿ ಹುಳಿಯಲು ಬಿಡುತ್ತಾರೆ. ಕೆಂಪಿಗೆ ಸಿಪ್ಪೆ ಬೇಕೇ ಬೇಕು, ಬಣ್ಣವೂ ಒಗರೂ ಇರುವುದು ಅದರಲ್ಲೇ. ಹುಳಿಯುವಾಗ ಏಳುವ ಅನಿಲ ಸಿಪ್ಪೆಗಳನ್ನೆಲ್ಲ ಮೇಲೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ಅದನ್ನು ದಿನವೂ ರಸದೊಳಗೆ ಅದುಮಬೇಕು, ಇಲ್ಲವೇ ಕೆಳಗಿನ ರಸವನ್ನೆತ್ತಿ ಅದರ ಮೇಲೆ ಸುರಿಯಬೇಕು. ಆ ಹೊತ್ತಿನಲ್ಲಿ ತೊಟ್ಟಿಯ ಪಕ್ಕ ನಿಲ್ಲುವ ಭಾಗ್ಯ ಸಿಕ್ಕರೆ ಬಿಡಬೇಡಿ. ಹಸಿ ದ್ರಾಕ್ಷಿ, ಹುದುಗು, ನೇರಳೆ, ಹಸಿಮಣ್ಣು, ಎಲ್ಲ ಒಟ್ಟಿಗೆ ಎದ್ದು ಬರುವ ಆ ಘಮಕ್ಕೆ ಗ್ಲಾಸಿನಲ್ಲಿರುವ ಸಂಯಮವಿನ್ನೂ ಬಂದಿರುವುದಿಲ್ಲ. ಸಂಯಮ ಕಲಿಸುವುದು ಓಕ್ ಪೀಪಾಯಿ. 225 ಲೀಟರಿನ ಆ ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಹದವಾಗಿ ಸುಟ್ಟಿರುತ್ತಾರೆ. ಮರದ ರಂಧ್ರಗಳಲ್ಲಿ ಕೂದಲೆಳೆಯಷ್ಟು ಗಾಳಿ ಆಡಿ, ಒಗರು ತಿಂಗಳುಗಟ್ಟಲೆ ಮೃದುವಾಗುತ್ತ ಹೋಗುತ್ತದೆ.

ಈಗ ಸವಿಯೋಣ. ಮೊದಲು ಬಿಳಿ ವೈನ್, ಸೊವಿನ್ಯೋನ್ ಬ್ಲಾಂ. ತೆಳು ಹೊಂಬಣ್ಣ, ನಿಂಬೆಸಿಪ್ಪೆ, ಹಸಿ ಸೀಬೆ, ನಾಲಗೆಯ ಎರಡೂ ಅಂಚನ್ನು ಎಚ್ಚರಿಸುವ ಚುರುಕಾದ ಹುಳಿ. ಇದಕ್ಕೆ ಜೋಡಿಯನ್ನು ಎಲ್ಲೆಲ್ಲೋ ಹುಡುಕಬೇಡಿ, ಬಳ್ಳಾರಿಯ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಸಾಕು. ಮಿರ್ಚಿಯ ಎಣ್ಣೆಯನ್ನು ಆ ಹುಳಿ ಒಂದೇ ಗುಟುಕಿಗೆ ತೊಳೆದು, ಬಾಯಿಯನ್ನು ಮುಂದಿನ ತುತ್ತಿಗೆ ಅಣಿ ಮಾಡುತ್ತದೆ. ಆಮೇಲೆ ಸಾಂಜೊವೇಸೆ. ಇಟಲಿಯ ತೊಸ್ಕಾನಾದ ಈ ತಳಿ ನಮ್ಮ ಗರಸಿನಲ್ಲಿ ಹುಣಸೆಯ ನೆನಪು ತರುವ ಹುಳಿಯೊಂದಿಗೆ ಬರುತ್ತದೆ. ನನಗೆ ಬಹಳ ಪ್ರೀತಿಯದು.

ಕೊನೆಗೆ ಕ್ಯಾಬರ್ನೆ. ಸಣ್ಣ ಗುಟುಕು ತೆಗೆದುಕೊಂಡು ನುಂಗದೆ ಇಟ್ಟುಕೊಳ್ಳಿ. ಅದು ಮೊದಲು ನಾಲಗೆಯ ನಡುವೆ ಕೂರುತ್ತದೆ, ತುಂಬಿದ, ದುಂಡಗಿನ ಭಾರ. ಆಮೇಲೆ ಮೆಲ್ಲಗೆ ಒಸಡಿನ ಮೇಲೆ ಒಗರು ಹರಡುತ್ತದೆ, ಗೀರದ, ಮಖಮಲ್ಲಿನ ನವಿರಿನ ಒಗರು. ನುಂಗಿದ ಮೇಲೆ ಬಾಯಿ ಖಾಲಿಯಾಯಿತು ಎನ್ನುವಷ್ಟರಲ್ಲಿ, ಗಂಟಲಿನ ಹಿಂದಿನಿಂದ, ಬೆಳಗಿನ ಆ ಕಳಿತ ಅಂಜೂರ ಏಳುತ್ತದೆ. ಒಂದೇ ಕಲ್ಲು, ಒಂದೇ ಬಿಸಿಲು, ಹೊಳೆಯ ಈಚೆಗೊಂದು ಹಣ್ಣು, ಆಚೆಗೊಂದು ಹಣ್ಣು.

ಈ ಕ್ಯಾಬರ್ನೆಯ ನಿಜವಾದ ಊಟ ನಾನು ಉಂಡದ್ದು ಸಿರುಗುಪ್ಪದ ಗೆಳೆಯರ ಮನೆಯಲ್ಲಿ. ಬಳ್ಳಿ ಬಾಯಾರಬೇಕು, ಭತ್ತ ನೀರಲ್ಲೇ ನಿಲ್ಲಬೇಕು, ಸಿರುಗುಪ್ಪದ ಎರೆಗದ್ದೆಗಳು ತುಂಗಭದ್ರೆಯ ಕಾಲುವೆ ನೀರಿನ ಸಮೃದ್ಧಿಯಲ್ಲಿ ಮುಳುಗಿದವು. ಅಲ್ಲಿನ ಸೋನಾ ಮಸೂರಿ ಅನ್ನ, ಗಸಗಸೆ ಕೊಬ್ಬರಿ ಅರೆದು ಹಾಕಿದ ಮಟನ್ ಸಾರು, ಪಕ್ಕದಲ್ಲಿ ಎಣ್ಣೆಗಾಯಿ, ಗುರೆಳ್ಳು ಪುಡಿ. ಸಾರಿನ ಜಿಡ್ಡು ವೈನಿನ ಒಗರನ್ನು ಹಿಡಿದುಕೊಂಡಿತು, ಒಗರು ಮಸಾಲೆಯ ಖಾರವನ್ನು ಸಮ ಮಾಡಿತು. ಮಾಂಸ ಮುಟ್ಟದವರಿಗೆ ಎಣ್ಣೆಗಾಯಿಯೇ ಸಾಕು. ಹುರಿದ ಶೇಂಗಾ, ಬದನೆಯ ಮೆತ್ತನೆ ತಿರುಳು ಓಕಿನ ಹೊಗೆಗಂಪಿಗೆ ಹೇಳಿ ಮಾಡಿಸಿದ ಜೊತೆ. ಗೆಳೆಯರ ತಾಯಿ ಗ್ಲಾಸನ್ನು ಮೂಗಿನ ಹತ್ತಿರ ತಂದು, “ಇದು ನೇರಳೆ ಹಣ್ಣಿನ ವಾಸನೆ ಐತಲ್ಲಪ್ಪ,” ಎಂದರು. ಅಷ್ಟು ಖಚಿತವಾದ ಮಾತು ರುಚಿ ಪಂಡಿತರಿಂದಲೂ ನಾನು ಕೇಳಿದ್ದು ಕಡಿಮೆ.

ಒಂದು ಮಾತು ಮಾತ್ರ ಮರೆಯಬೇಡಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ನಿಯಮ ತಂಪುದೇಶದವರದ್ದು. ಬಳ್ಳಾರಿಯ ಕೋಣೆಯಲ್ಲಿ ಅದನ್ನು ಪಾಲಿಸಿದರೆ ಹಣ್ಣೆಲ್ಲ ಮಾಯವಾಗಿ ಬರೀ ಮದ್ಯದ ಘಾಟು ಉಳಿಯುತ್ತದೆ. ಬಾಟಲಿಯನ್ನು ಊಟಕ್ಕೆ ಮೊದಲು ಚೆನ್ನಾಗಿ ತಂಪಾಗುವಷ್ಟು ಹೊತ್ತು ಫ್ರಿಜ್ಜಿನಲ್ಲಿಡಿ, ಹೊರತೆಗೆದು ಮುಚ್ಚಳ ಬಿಚ್ಚಿ ಹತ್ತು ನಿಮಿಷ ಉಸಿರಾಡಲು ಬಿಡಿ. 16ರಿಂದ 18 ಡಿಗ್ರಿಯ ಆಸುಪಾಸಿಗೆ ಬಂದಾಗ ಗ್ಲಾಸಿನ ಮೂರರಲ್ಲೊಂದು ಪಾಲು ಮಾತ್ರ ಸುರಿಯಿರಿ, ಉಳಿದ ಜಾಗ ಘಮಕ್ಕೆ ಬೇಕು. ಕುರುಗೋಡಿನ ಅಂಜೂರ ಸಿಕ್ಕಿದ್ದರೆ ಎರಡನ್ನು ಸೀಳಿ ಪಕ್ಕದ ತಟ್ಟೆಯಲ್ಲಿಡಿ.