ಮೆಚ್ಚುಗೆಯೂ ಶ್ರದ್ಧೆಯೂ: ‘ಗೊಲ್ಗೊಥಾ’ದಿಂದ ಕಪಾಲಬೆಟ್ಟದವರೆಗೆ

ಒಬ್ಬ ಮಹಾಪುರುಷನ ಚರಿತೆಯನ್ನೋದಿ ಕಣ್ಣೀರ್ಗರೆಯುವುದು ಬೇರೆ, ಅವನ ಹಿಂದೆ ಒಂದೆರಡು ಹೆಜ್ಜೆಯಾದರೂ ನಡೆಯುವುದು ಬೇರೆ. ಮೊದಲನೆಯದು ರಸಿಕನ ಧರ್ಮ, ಎರಡನೆಯದು ಭಕ್ತನ ಧರ್ಮ. ಇವುಗಳ ನಡುವಣ ಅಂತರವನ್ನು ಅಳೆಯುವುದು ಸಾಹಿತ್ಯ ವಿಮರ್ಶೆಯ ಕಾರ್ಯವಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಕೃತಿಯ ವಸ್ತುವೇ ಜನರನ್ನು ತನ್ನ ಹಿಂದೆ ಬರುವಂತೆ ಕರೆದ ಒಬ್ಬ ಪುರುಷನ ಮರಣವಾಗಿರುವಾಗ, ಆ ಕರೆಯು ಕೃತಿಯೊಳಗೆ ಕೇಳಿಸುತ್ತದೆಯೇ ಇಲ್ಲವೇ ಎಂದು ವಿಚಾರಿಸದೆ ವಿಮರ್ಶೆಯು ಪೂರ್ಣವಾಗದು.

ಕನ್ನಡದಲ್ಲಿ ಈ ವಿಚಾರಕ್ಕೆ ಒದಗುವ ಮುಖ್ಯ ಕೃತಿ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’. 1883ರಲ್ಲಿ ಜನಿಸಿ 1963ರಲ್ಲಿ ಕಾಲವಾದ ಈ ಕವಿಯು 1911ರಷ್ಟು ಹಿಂದೆಯೇ ಪ್ರಾಸದ ಕಟ್ಟನ್ನು ಬಿಟ್ಟು ಹೊಸ ದಾರಿ ತೆರೆದವರೆಂಬುದನ್ನೂ, 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿಯೆಂಬ ಗೌರವ ಪಡೆದವರೆಂಬುದನ್ನೂ ವಾಚಕರು ಬಲ್ಲರು. ವೈದಿಕ ಮನೆತನದಲ್ಲಿ ಹುಟ್ಟಿ, ಇತಿಹಾಸ ಸಂಶೋಧನೆಯಲ್ಲಿ ಮುಳುಗಿದ್ದ ಪೈಗಳು 1930ರ ದಶಕದಲ್ಲಿ ಯೇಸುವಿನ ಕಡೆಯ ದಿನವನ್ನು ಖಂಡಕಾವ್ಯವಾಗಿ ರಚಿಸಿದರು. ಅನ್ಯಮತದ ಆರಾಧ್ಯ ಪುರುಷನನ್ನು ಇಷ್ಟು ಗೌರವದಿಂದ, ಇಷ್ಟು ಗಂಭೀರವಾದ ಭಾಷೆಯಲ್ಲಿ ಚಿತ್ರಿಸಿದ ಕಾವ್ಯವು ಕನ್ನಡಕ್ಕೆ ಭೂಷಣವೆಂಬುದರಲ್ಲಿ ಸಂಶಯವಿಲ್ಲ.

ಆದರೂ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಪೈಗಳು ಆರಿಸಿಕೊಂಡದ್ದು ಕಡೆಯ ದಿನವನ್ನು, ಮೂರನೆಯ ದಿನವನ್ನಲ್ಲ. ಕ್ರೈಸ್ತನಿಗೆ ಶಿಲುಬೆಯ ಅರ್ಥವು ತೆರೆಯುವುದು ಬರಿದಾದ ಸಮಾಧಿಯ ಎದುರಿನಲ್ಲಿ. ಕವಿಯ ದೃಷ್ಟಿ ನೆಟ್ಟಿರುವುದು ಮಹಾತ್ಮನೊಬ್ಬನ ಸಾವಿನ ಘನತೆಯಲ್ಲಿ. ಮುಂದೆ ಅದೇ ಕವಿ ‘ವೈಶಾಖಿ’ಯಲ್ಲಿ ಬುದ್ಧದೇವನ ಅಂತ್ಯಕಾಲವನ್ನು ಹಾಡಿದರು. ಎರಡು ಮಹಾಮರಣಗಳು, ಎರಡಕ್ಕೂ ಒಬ್ಬನೇ ಕವಿಯ ನಮಸ್ಕಾರ. ಇದು ಹೃದಯವೈಶಾಲ್ಯ, ಇದನ್ನು ಕೊರತೆಯೆಂದು ಯಾರೂ ಎಣಿಸಲಾಗದು. ಆದರೆ ಮೆಚ್ಚುಗೆಯ ಲಕ್ಷಣವೂ ಇದರಲ್ಲಿಯೇ ಇದೆ. ಮೆಚ್ಚುಗೆಯ ಮನೆಯಲ್ಲಿ ಅನೇಕ ಪಟಗಳಿಗೆ ಸ್ಥಳವುಂಟು. ಯಾವ ಪಟವೂ ಮನೆಯ ಯಜಮಾನನನ್ನು ಪೀಠದಿಂದ ಏಳಿಸುವುದಿಲ್ಲ. ಈ ಲೇಖಕನೂ ‘ಗೊಲ್ಗೊಥಾ’ವನ್ನು ತುಂಬಿದ ಕಣ್ಣಿನಿಂದ ಓದಿ ಮುಗಿಸಿ, ಪುಸ್ತಕವನ್ನು ಕಪಾಟಿನಲ್ಲಿಟ್ಟು, ಊಟಕ್ಕೆದ್ದು ಹೋದವನೇ. ಆ ರಾತ್ರಿ ಯಾವ ಸಾಲಗಾರನ ಸಾಲವನ್ನೂ ಮನ್ನಿಸಲಿಲ್ಲ, ಯಾವ ವೈರಿಯನ್ನೂ ಕ್ಷಮಿಸಲಿಲ್ಲ. ತಪ್ಪು ಕವಿಯದೋ ಓದಿದವನದೋ ಎಂಬ ಪ್ರಶ್ನೆ ಅಂದಿನಿಂದ ಬಿಟ್ಟುಹೋಗಿಲ್ಲ.

ಈ ಪ್ರಶ್ನೆ ಹೊಸದೇನೂ ಅಲ್ಲ. ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿವಾಕ್ಯಗಳನ್ನು ಆರಿಸಿ, ಪವಾಡಗಳನ್ನೂ ಮತಸಿದ್ಧಾಂತಗಳನ್ನೂ ಬದಿಗಿಟ್ಟು, ಒಂದು ಗ್ರಂಥವಾಗಿ ಪ್ರಕಟಿಸಿದಾಗ ಶ್ರೀರಾಮಪುರದ ಪಾದ್ರಿಗಳಾದ ಮಾರ್ಷ್‌ಮನ್ನರು ಅದನ್ನು ಬಲವಾಗಿ ಖಂಡಿಸಿದರು. ಬೋಧನೆಯನ್ನು ಬೋಧಕನಿಂದ ಬೇರ್ಪಡಿಸಬಹುದೇ ಎಂಬುದೇ ಆ ವಾದದ ತಿರುಳು. ಇನ್ನು ಡೆನ್ಮಾರ್ಕಿನ ತತ್ತ್ವಜ್ಞ ಕೀರ್ಕೆಗಾರ್ಡನು 1850ರ ತನ್ನ ಗ್ರಂಥವೊಂದರಲ್ಲಿ ಕ್ರಿಸ್ತನ ಪ್ರಶಂಸಕನನ್ನೂ ಅನುಯಾಯಿಯನ್ನೂ ಎದುರುಬದುರಾಗಿ ನಿಲ್ಲಿಸಿದನು. ಅವನ ಅಭಿಪ್ರಾಯದ ಸಾರವಿಷ್ಟು: ಪ್ರಶಂಸಕನು ತನ್ನನ್ನು ದೂರದಲ್ಲಿಟ್ಟುಕೊಂಡು ಹೊಗಳುತ್ತಾನೆ, ಅನುಯಾಯಿಯು ತಾನು ಮೆಚ್ಚಿದ್ದೇ ತಾನಾಗಲು ಹೆಣಗುತ್ತಾನೆ. ಈ ಟೀಕೆಯ ಮೊನೆ ತಿರುಗಿದ್ದು ಅನ್ಯಮತೀಯರ ಮೇಲಲ್ಲ, ತನ್ನ ದೇಶದ ಚರ್ಚುಗಳಲ್ಲಿ ವಾರವಾರವೂ ಕುಳಿತೆದ್ದು ಹೋಗುತ್ತಿದ್ದ ಕ್ರೈಸ್ತರ ಮೇಲೆಯೇ. ಆದುದರಿಂದ ಮೆಚ್ಚುಗೆ ಹೊರಗಿನವರದು, ಶ್ರದ್ಧೆ ಒಳಗಿನವರದು ಎಂದು ಸುಲಭವಾಗಿ ಗೆರೆ ಎಳೆಯಲು ಬರುವಂತಿಲ್ಲ.

ನಮ್ಮ ನಾಡಿನಲ್ಲಿಯೇ ಆ ಅಂತರವನ್ನು ದಾಟಿದವರುಂಟು. ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗರ ಬಳಿ ವಿದ್ಯಾರ್ಥಿಯಾಗಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಮೊದಲು ಗುರುವಿನ ವಿದ್ಯೆಯನ್ನೂ ನಡತೆಯನ್ನೂ ಮೆಚ್ಚಿದವರಾಗಿರಬೇಕು. ಶಾಲೆಯ ಹುಡುಗನಿಗೆ ಅದು ಸಹಜ. ಆದರೆ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಆ ಮೆಚ್ಚುಗೆಗೆ ಬೆಲೆ ತೆರಬೇಕಾಯಿತು. ಜಾತಿ, ಬಂಧುಬಳಗ, ಊರಿನ ಮನ್ನಣೆ ಎಲ್ಲವೂ ಕಳಚಿದವು. ಬಾಸೆಲ್ ನಗರಕ್ಕೆ ಹೋಗಿ ಓದಿ, 1851ರಲ್ಲಿ ಸಭಾಪಾಲಕರಾಗಿ ಹಿಂದಿರುಗಿದರು. ಅವರ ನಿರ್ಣಯವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಮೆಚ್ಚುವುದಕ್ಕೆ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ, ನಂಬುವುದಕ್ಕೆ ಕಳೆದುಕೊಳ್ಳಬೇಕಾಗುತ್ತದೆ.

ಹಾಗೆಂದು ಶ್ರದ್ಧೆಯಿದ್ದ ಮಾತ್ರಕ್ಕೆ ಸಾಹಿತ್ಯ ಹುಟ್ಟುವುದೆಂದು ತಿಳಿಯಬಾರದು. ನಿಘಂಟುಕಾರರಾದ ಕಿಟ್ಟೆಲರು 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ದೇಶದ ಛಂದಸ್ಸಿಗೆ ಹೊಂದಿಸಿ ‘ಕಥಾಮಾಲೆ’ಯನ್ನು ಬರೆದರು. ಅದರ ಹಿಂದಿನ ಶ್ರದ್ಧೆ ಪ್ರಶ್ನಾತೀತವಾದುದು, ಪರಭಾಷೆಯ ಛಂದಸ್ಸನ್ನು ಕಲಿತು ಪಳಗಿಸಿದ ಪರಿಶ್ರಮ ಬೆರಗುಗೊಳಿಸುವಂಥದು. ಆದರೂ ರಸಿಕರ ನಾಲಗೆಯ ಮೇಲೆ ಉಳಿದದ್ದು ಪೈಗಳ ಕಾವ್ಯವೇ ಹೊರತು ಕಿಟ್ಟೆಲರ ಪದ್ಯವಲ್ಲ. ಹೀಗೆ ಕನ್ನಡವು ಯೇಸುವಿನ ವಿಷಯದಲ್ಲಿ ವಿಚಿತ್ರವಾದ ಸ್ಥಿತಿಯಲ್ಲಿದೆ: ಕಾವ್ಯವುಳ್ಳಲ್ಲಿ ಶರಣಾಗತಿಯಿಲ್ಲ, ಶರಣಾಗತಿಯುಳ್ಳಲ್ಲಿ ಕಾವ್ಯ ಸಾಲದು.

ಎರಡೂ ಒಂದೆಡೆ ಕೂಡಿದ ಉದಾಹರಣೆಯೇ ಇಲ್ಲವೇ? ಅದನ್ನು ಅರಸಿ ನಾವು ದೂರ ಹೋಗಬೇಕಾಗಿಲ್ಲ. 2007ರಲ್ಲಿ ರಾಮನಗರದ ಹೆಸರಿನಲ್ಲಿ ರಚಿತವಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ನಮ್ಮ ಜಿಲ್ಲೆಯಲ್ಲಿಯೇ, ಕನಕಪುರದ ಸೀಮೆಯಲ್ಲಿ, ಅರ್ಕಾವತಿಯ ಬಳಿ ಹಾರೋಬೆಲೆ ಎಂಬ ಊರಿದೆ. ಬಹುಮಟ್ಟಿಗೆ ಕಥೋಲಿಕರೇ ಇರುವ ಈ ಊರಿನಲ್ಲಿ ನೂರಕ್ಕೂ ಮಿಕ್ಕಿ ವರ್ಷಗಳಿಂದ ಶುಭ ಶುಕ್ರವಾರದಂದು ಯೇಸುವಿನ ಪಾಡುಗಳ ನಾಟಕವು ನಡೆದುಬಂದಿದೆ. ಊರ ಪಕ್ಕದ ಬೆಟ್ಟದ ಹೆಸರು ಕಪಾಲಬೆಟ್ಟ. ಗೊಲ್ಗೊಥಾ ಎಂಬ ಅರಮಾಯ ಶಬ್ದಕ್ಕೆ ಕಪಾಲದ ಸ್ಥಳವೆಂದೇ ಅರ್ಥ. ಮಂಜೇಶ್ವರದ ವಿದ್ವಾಂಸರು ಮೂಲಶಬ್ದವನ್ನು ಹಾಗೆಯೇ ಉಳಿಸಿ ಕಾವ್ಯಕ್ಕೆ ಹೆಸರಿಟ್ಟರು. ಇಲ್ಲಿ ಅದೇ ಹೆಸರು ಕನ್ನಡವಾಗಿ, ಕಣ್ಣೆದುರಿನ ಬೆಟ್ಟವಾಗಿ ನಿಂತಿದೆ. ಈ ಒಂದು ಹೆಸರಿನ ವ್ಯತ್ಯಾಸದಲ್ಲಿಯೇ ನಮ್ಮ ಪ್ರಬಂಧದ ವಿಷಯವೆಲ್ಲ ಅಡಗಿದೆಯೆನ್ನಬಹುದು.

ನಾಟಕಶಾಸ್ತ್ರದ ಒರೆಗಲ್ಲಿಗೆ ಹಚ್ಚಿದರೆ ಇಂಥ ಗ್ರಾಮೀಣ ನಾಟಕದಲ್ಲಿ ದೋಷಗಳನ್ನು ಕಾಣುವುದು ಕಷ್ಟವಲ್ಲ. ಆದರೆ ಇದರಲ್ಲಿ ಪಾತ್ರಧಾರಿಯೂ ಪ್ರೇಕ್ಷಕನೂ ಒಂದೇ ಊರಿನವರು. ಯೂದನಾಗಿ ಗುರುವನ್ನು ಮಾರುವವನು ಮರುದಿನ ಅದೇ ಬೀದಿಯಲ್ಲಿ ನಡೆಯಬೇಕು; ಪಿಲಾತನಾಗಿ ಕೈತೊಳೆದವನು ನೆರೆಯವನ ವ್ಯಾಜ್ಯದಲ್ಲಿ ಸಾಕ್ಷಿ ನುಡಿಯಬೇಕಾದಾಗ ಆ ನೀರು ನೆನಪಾಗದಿರದು. ‘ಗೊಲ್ಗೊಥಾ’ದ ವಾಚಕನಿಗೆ ತಾನು ಆ ಗುಂಪಿನಲ್ಲಿ ಯಾರೆಂದು ಹೇಳಬೇಕಾದ ಬಲವಂತವಿಲ್ಲ. ಇಲ್ಲಿ ಊರಿಗೂರೇ ಗುಂಪಾಗಿ ನಿಲ್ಲುತ್ತದೆ. ಕಾವ್ಯದಲ್ಲಿ ಕೇಳಿಸದ ಕರೆಯು ಈ ನಾಟಕದಲ್ಲಿ ಕೇಳಿಸುವುದು ಇದರಿಂದಲೇ.

ಆದರೆ ಇಲ್ಲಿಯೂ ಅಪಾಯ ತಪ್ಪಿದ್ದಲ್ಲ. ನೋಡಬಂದ ಸಾವಿರಾರು ಕಣ್ಣುಗಳಿಗೆ ಪಾಡುಗಳೂ ಒಂದು ನೋಟವಾಗಿಬಿಡಬಹುದು. 2019ರ ಡಿಸೆಂಬರ್ 25ರಂದು ಇದೇ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಅಡಿಗಲ್ಲು ಹಾಕಲಾಯಿತು. ಅದರ ಬೆನ್ನಿಗೇ ದೊಡ್ಡ ವಿವಾದವೆದ್ದುದು ಎಲ್ಲರಿಗೂ ತಿಳಿದದ್ದೇ. ಜಮೀನಿನ ನ್ಯಾಯಾನ್ಯಾಯವನ್ನು ವಿಚಾರಿಸುವುದು ಈ ಪುಟಗಳ ಕೆಲಸವಲ್ಲ. ವಿಮರ್ಶಕನಿಗೆ ಹೊಳೆಯುವುದು ಬೇರೆ ಮಾತು. ಎತ್ತರವು ಮೆಚ್ಚುಗೆಯ ಭಾಷೆ. ಪ್ರತಿಮೆಯನ್ನು ತಲೆಯೆತ್ತಿ ನೋಡಿ ಹಿಂದಿರುಗಬಹುದು; ಶಿಲುಬೆಯನ್ನಾದರೋ ಹೆಗಲ ಮೇಲೆ ಹೊರಬೇಕು. ಪರವಾಗಿ ನಿಂತವರೂ ವಿರೋಧಿಸಿದವರೂ ಅಡಿಗಳ ಲೆಕ್ಕದಲ್ಲಿ ಮಗ್ನರಾಗಿದ್ದಾಗ, ಬೆಟ್ಟದ ಹೆಸರಿನ ಅರ್ಥವನ್ನು ನೆನೆದವರು ಎಷ್ಟು ಮಂದಿಯೋ!

ಚನ್ನಪಟ್ಟಣದ ಬೊಂಬೆಯ ಕುಶಲಿಗಳು ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ವೇಗವಾಗಿ ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಮೆಚ್ಚುಗೆಗೂ ಶ್ರದ್ಧೆಗೂ ಇರುವ ಭೇದ ಹೆಚ್ಚುಕಡಮೆ ಇದೇ. ಬಣ್ಣ ಅದೇ ಇರಬಹುದು. ಹತ್ತಿದ ಬಗೆ ಬೇರೆ. ಬಾಳಿನ ಉಜ್ಜುವಿಕೆಗೆ ಒಡ್ಡಿಕೊಳ್ಳದ ಭಾವ ಮರಕ್ಕೆ ಹಿಡಿಯುವುದಿಲ್ಲ. ನುಡಿಯೂ ನಡೆಯೂ ಒಂದಾಗಬೇಕೆಂದು ಹಟ ಹಿಡಿದ ಶರಣರ ನಾಡಿನವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಕಡೆಗೆ, ಮೆಚ್ಚುಗೆಯನ್ನು ತುಚ್ಛವೆಂದು ತಳ್ಳಿಬಿಡುವುದೂ ಅನ್ಯಾಯವೇ. ಸುವಾರ್ತೆಗಳಲ್ಲಿ ಇಬ್ಬರು ಪ್ರಶಂಸಕರು ಬರುತ್ತಾರೆ. ಒಬ್ಬ ಸಿರಿವಂತನು ಹೊಗಳಿಕೆಯ ಮಾತಿನೊಡನೆ ಓಡಿಬಂದು ಮೊಣಕಾಲೂರಿದನು. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡೆಂದಾಗ ಮುಖ ಬಾಡಿ ಹೊರಟುಹೋದನು. ಇನ್ನೊಬ್ಬನು ನಿಕೊದೇಮ. ಪಂಡಿತನಾದ ಈತನೂ ಮೊದಲು ಬಂದದ್ದು ಮೆಚ್ಚುಗೆಯಿಂದಲೇ, ಅದೂ ಯಾರ ಕಣ್ಣಿಗೂ ಬೀಳದಂತೆ ರಾತ್ರಿಯಲ್ಲಿ. ಆದರೆ ಶಿಷ್ಯರೇ ಚೆದುರಿ ಓಡಿದ ದಿನ, ಎಲ್ಲರೆದುರಿಗೆ, ಶವಸಂಸ್ಕಾರಕ್ಕೆ ಸುಗಂಧದ್ರವ್ಯಗಳನ್ನು ಹೊತ್ತು ತಂದವನು ಅವನೇ. ರಾತ್ರಿಯ ಮೆಚ್ಚುಗೆ ಹಗಲಿನ ಶ್ರದ್ಧೆಯಾಗಲು ಎಷ್ಟು ದಿನ ಹಿಡಿಯಿತೋ, ನಡುವೆ ಆ ಪಂಡಿತನು ಎಷ್ಟು ತಳಮಳಿಸಿದನೋ, ಗ್ರಂಥವು ಹೇಳುವುದಿಲ್ಲ.

ಗೋವಿಂದ ಪೈಗಳು ಕನ್ನಡಕ್ಕೆ ಕೊಟ್ಟುದು ಆ ರಾತ್ರಿಯ ಭೇಟಿಯನ್ನು. ಅದಕ್ಕಾಗಿ ನಾವು ಅವರಿಗೆ ಚಿರಋಣಿಗಳು. ಮುಂದಿನ ಹೆಜ್ಜೆಯನ್ನು ಕವಿಯು ನಮ್ಮ ಪರವಾಗಿ ಇಡಲಾರನು. ಅದನ್ನು ಇಡುವುದೋ ಬಿಡುವುದೋ ಪುಸ್ತಕವನ್ನು ಮುಚ್ಚಿ ಎದ್ದವನಿಗೆ ಸೇರಿದ ಮಾತು.