ಸಾಲದ ಮಿತಿಯೂ ಆಳುವವರ ಹೊಣೆಯೂ

ಸಾಲ ಮಾಡುವವನು ಒಬ್ಬ, ತೀರಿಸುವವನು ಮತ್ತೊಬ್ಬ ಎಂದಾದಲ್ಲಿ ಸಾಲಕ್ಕೆ ಎಲ್ಲೆಯಿರುವುದಿಲ್ಲ. ಸರಕಾರಗಳ ಋಣದ ಮೂಲದೋಷವೂ ಇದೇ. ಇದನ್ನು ತಿದ್ದಲೆಂದು ಸಂಸತ್ತು 2003ರಲ್ಲಿ ವಿತ್ತೀಯ ಹೊಣೆಗಾರಿಕೆ ಮತ್ತು ಆಯವ್ಯಯ ನಿರ್ವಹಣಾ ಅಧಿನಿಯಮವನ್ನು ಅಂಗೀಕರಿಸಿತು. ಕರ್ನಾಟಕವು ಅದಕ್ಕೂ ಮೊದಲೇ, 2002ರಲ್ಲಿ, ರಾಜ್ಯಗಳ ಪೈಕಿ ಮೊದಲನೆಯದಾಗಿ ಇಂಥ ಕಾಯಿದೆ ಮಾಡಿತ್ತು. ಕೇಂದ್ರದ ಕಾಯಿದೆಯ ಹೆಸರಿನಲ್ಲಿರುವ ಹೊಣೆಗಾರಿಕೆ ಅದರ ಒಳಗೆ ಎಷ್ಟಿದೆಯೆಂಬುದು ವಿಚಾರಣೀಯ.

ಕಾಯಿದೆಯ ಹಿನ್ನೆಲೆ ಗಂಭೀರವಾದುದು. 1990-91ರಲ್ಲಿ ಕೇಂದ್ರದ ವಿತ್ತೀಯ ಕೊರತೆ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇ. 8ಕ್ಕೆ ಏರಿತ್ತು. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಅಡವಿಟ್ಟು ವಿದೇಶಿ ಹಣ ತರಬೇಕಾಯಿತು. ಮನೆಯ ಚಿನ್ನ ಅಡವಿಗೆ ಹೋಗುವುದೆಂದರೇನು ಎಂಬುದನ್ನು ವ್ಯಾಪಾರಸ್ಥರ ಕುಟುಂಬಗಳಿಗೆ ವಿವರಿಸಬೇಕಾಗಿಲ್ಲ.

ರಾಜಸ್ವ ಕೊರತೆಯನ್ನು 2008ರ ಮಾರ್ಚ್ ಅಂತ್ಯಕ್ಕೆ ಇಲ್ಲವಾಗಿಸಬೇಕೆಂಬುದು ಮೂಲ ಕಾಯಿದೆಯ ತಿರುಳು. ಸಂಬಳ, ಬಡ್ಡಿ, ಸಹಾಯಧನ ಮೊದಲಾದ ನಿತ್ಯದ ಖರ್ಚಿಗೂ ವರಮಾನ ಸಾಲದಿರುವುದೇ ರಾಜಸ್ವ ಕೊರತೆ. ಅಣೆಕಟ್ಟಿಗೋ ರೈಲುಮಾರ್ಗಕ್ಕೋ ತಂದ ಸಾಲವನ್ನು ಮಕ್ಕಳು ತೀರಿಸಿದರೂ ಆಸ್ತಿ ಅವರಿಗೆ ಉಳಿಯುತ್ತದೆ. ಉಂಡು ಮುಗಿಸಿದ್ದಕ್ಕೆ ಮಾಡಿದ ಸಾಲದಲ್ಲಿ ಅವರಿಗೆ ಉಳಿಯುವುದು ಬಡ್ಡಿ ಮಾತ್ರ. ಈ ಭೇದವನ್ನು ಗುರುತಿಸಿದ್ದೇ ಕಾಯಿದೆಯ ಹಿರಿಮೆ.

ಮುಂದಿನ ಕಥೆ ಬೇರೆ. 2004ರಲ್ಲಿ ಗಡುವು 2009ಕ್ಕೆ ಸರಿಯಿತು. 2012ರಲ್ಲಿ ಕೊರತೆಯನ್ನು ಅಳೆಯುವ ಹೊಸ ಮಾನವೊಂದು ಸೇರಿ ಗಡುವು 2015 ಆಯಿತು. 2015ರಲ್ಲಿ ಅದು 2018ಕ್ಕೆ ಹೋಯಿತು. 2018ರಲ್ಲಿ ರಾಜಸ್ವ ಕೊರತೆಯ ಗುರಿಯನ್ನೇ ಕೈಬಿಡಲಾಯಿತು. ಅದೇ ವರ್ಷ ಕೇಂದ್ರದ ಋಣವನ್ನು 2025ರ ಮಾರ್ಚ್ ಒಳಗೆ ಉತ್ಪನ್ನದ ಶೇ. 40ಕ್ಕೆ ಇಳಿಸುವ ಹೊಸ ಸಂಕಲ್ಪ ಮಾಡಲಾಯಿತು. ಆ ದಿನ ಬಂದಾಗ ಋಣ ಶೇ. 55ನ್ನು ಮೀರಿತ್ತು. ದಿಗ್ವ್ರತ ಕೈಗೊಂಡವನು ಹಾಕಿಕೊಂಡ ಮೇರೆಯನ್ನೇ ಹಿಗ್ಗಿಸುವುದನ್ನೂ ಅದನ್ನು ಮರೆಯುವುದನ್ನೂ ಅತಿಚಾರಗಳೆಂದು ಶ್ರಾವಕಾಚಾರ ಎಣಿಸುತ್ತದೆ. ಈ ಕಾಯಿದೆಯ ಚರಿತ್ರೆಯಲ್ಲಿ ಎರಡೂ ಕಾಣುತ್ತವೆ.

ಆಪತ್ಕಾಲದ ಸಾಲವನ್ನು ಆಕ್ಷೇಪಿಸಲಾಗದು. 2020-21ರ ಮಹಾಮಾರಿಯ ವರ್ಷದಲ್ಲಿ ಕೊರತೆ ಶೇ. 9ನ್ನು ದಾಟಿತು, ಕ್ಷಾಮದಲ್ಲಿ ಕಣಜ ತೆರೆಯದ ಅರಸನನ್ನು ಯಾರೂ ಧರ್ಮಿಷ್ಠನೆನ್ನರು. ಆದರೆ 2004, 2015, 2018 ಆಪತ್ತಿನ ವರ್ಷಗಳಾಗಿರಲಿಲ್ಲ. ಆಳುವ ಪಕ್ಷ ಬದಲಾಯಿತು, ರೂಢಿ ಬದಲಾಗಲಿಲ್ಲ. ಒಂದು ಸರಕಾರವು ತೈಲ ಕಂಪನಿಗಳಿಗೆ ಹಣದ ಬದಲು ಬಾಂಡುಗಳನ್ನು ಕೊಟ್ಟು ಕೊರತೆಯನ್ನು ಮರೆಮಾಡಿದರೆ, ಮುಂದಿನದು ಆಹಾರ ಸಹಾಯಧನದ ಭಾರವನ್ನು ಆಹಾರ ನಿಗಮದ ಸಾಲದ ಲೆಕ್ಕಕ್ಕೆ ದಾಟಿಸಿತು. ಈ ಎರಡನೆಯ ಪದ್ಧತಿಯನ್ನು 2021ರ ಆಯವ್ಯಯದಲ್ಲಿ ನಿಲ್ಲಿಸಿದ್ದು ಶ್ಲಾಘನೀಯ.

ಮಿತಿ ತಪ್ಪಿದಾಗ ಅರ್ಥಸಚಿವರು ಉಭಯ ಸದನಗಳಲ್ಲಿ ವಿವರಣೆ ನೀಡಬೇಕೆಂದು ಕಾಯಿದೆ ಹೇಳುತ್ತದೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ. ಪಕ್ಷಾತೀತವಾಗಿ ಲೆಕ್ಕ ನೋಡುವ ಸ್ವತಂತ್ರ ವಿತ್ತೀಯ ಮಂಡಳಿಯೊಂದು ಬೇಕೆಂದು ಎನ್.ಕೆ. ಸಿಂಗ್ ಸಮಿತಿ 2017ರಲ್ಲಿ ಸಲಹೆ ಮಾಡಿತು. ಮರುವರ್ಷದ ತಿದ್ದುಪಡಿಯಲ್ಲಿ ಸಮಿತಿಯ ಅಂಕಿಗಳಿಗೆ ಸಿಕ್ಕ ಸ್ಥಾನ ಆ ಮಂಡಳಿಗೆ ಸಿಗಲಿಲ್ಲ. ಮೇರೆಯನ್ನು ಹಾಕುವವನೂ ಸರಿಸುವವನೂ ಸಾಕ್ಷಿ ನುಡಿಯುವವನೂ ಒಬ್ಬನೇ ಆದರೆ ಅದು ಹೊಣೆಗಾರಿಕೆ ಎನಿಸುವುದಿಲ್ಲ.

ಇದರ ಬೆಲೆ ಸಣ್ಣದಲ್ಲ. 2024-25ರ ಕೇಂದ್ರ ಆಯವ್ಯಯದ 48.2 ಲಕ್ಷ ಕೋಟಿ ರೂಪಾಯಿಗಳಲ್ಲಿ 11.6 ಲಕ್ಷ ಕೋಟಿ ಬಡ್ಡಿಗೆಂದೇ ಮೀಸಲಾಗಿತ್ತು. ಶಾಲೆಗೂ ಆಸ್ಪತ್ರೆಗೂ ಹೋಗಬಹುದಾಗಿದ್ದ ಹಣವಿದು. ತೆರಿಗೆ ಹೆಚ್ಚಿಸಿದರೆ ಮುನಿಯುವ, ಕೊಡುಗೆ ಘೋಷಿಸಿದರೆ ಹಿಗ್ಗುವ ಮತದಾರನೂ ಇದರಲ್ಲಿ ಪಾಲುದಾರನೇ. ಬಸದಿಯ ವಾರ್ಷಿಕ ಲೆಕ್ಕಪತ್ರದಲ್ಲಿ ನಿತ್ಯಪೂಜೆಯ ಖರ್ಚು ಕಾಣಿಕೆಯನ್ನು ಮೀರಿದ್ದರೆ ಸಭೆಯಲ್ಲಿ ಪ್ರಶ್ನೆ ಏಳುತ್ತದೆ. ದೇಶದ ಆಯವ್ಯಯವನ್ನು ಓದುವಾಗಲೂ ರಾಜಸ್ವ ಕೊರತೆಯ ಆ ಒಂದು ಸಾಲನ್ನು ಮೊದಲು ನೋಡಿ ಪ್ರಶ್ನಿಸುವ ಪರಿಪಾಠ ಬೆಳೆದರೆ, ಕಾಯಿದೆ ಮಾಡದ ಕೆಲಸ ಸ್ವಲ್ಪಮಟ್ಟಿಗಾದರೂ ಆಗುತ್ತದೆ.